ನೂರರಲ್ಲಿ ಆ ಒಬ್ಬ

ತಾಸ್‌ಬುಲಾಕ್
14 ನವೆಂಬರ್ 2015

ಮಗಳು ಝದೀರಾಗೆ,

ಫೋನು ಮಾಡಬೇಡ ಎಂದು ನಿನ್ನ ಅಮ್ಮನ ಕೈಲಿ ಹೇಳಿಸಿದವನು ನಾನೇ. ಫೋನಿನಲ್ಲಿ ನಾನು ಕೂಗುತ್ತೇನೆ, ನೀನು ಅಳುತ್ತೀಯ, ಕೊನೆಗೆ ಇಬ್ಬರಿಗೂ ಏನೂ ತಿಳಿಯುವುದಿಲ್ಲ. ಅಲ್ಮಾಟಿಗೆ ವ್ಯಾನು ಓಡಿಸುವ ಸೈಲ್‌ಬೆಕ್ ಈ ಕಾಗದವನ್ನು ತಲುಪಿಸುತ್ತಾನೆ. ಉತ್ತರವನ್ನೂ ಅವನ ಕೈಗೇ ಕೊಡು.

ನಿನ್ನ ಪತ್ರಿಕೆ ಬಂತು. ನಿನ್ನ ಚಿಕ್ಕಪ್ಪ ಮುಕಾನ್ ಅದನ್ನು ಅಂಗಡಿಯ ಮುಂದೆ ನಿಂತು ಗಟ್ಟಿಯಾಗಿ ಓದಿದ. 'ಕಾಜಿ ತಿಂದರೆ ಕ್ಯಾನ್ಸರ್: ಸಿಗರೇಟಿನ ಸಾಲಿಗೆ ಕುದುರೆ ಮಾಂಸ.' ಕೆಳಗೆ ನಿನ್ನ ಹೆಸರು. ಓದಿ ಮುಗಿಸಿ ನನ್ನ ಕಡೆ ತಿರುಗಿ, "ಅಣ್ಣಾ, ನೀನು ಹೆತ್ತದ್ದು ಮಗಳನ್ನೋ ಆರೋಗ್ಯ ಇಲಾಖೆಯನ್ನೋ?" ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಮನೆಗೆ ಬಂದು ನಿನ್ನ ಅಮ್ಮನ ಮೇಲೆ ರೇಗಿದೆ.

ಸುತ್ತಿನ ಹಳ್ಳಿಗಳಲ್ಲಿ ಚಳಿಗಾಲದ ಮಾಂಸಕ್ಕೆ ಕುದುರೆ ಕಡಿಯುವವನು ನಲವತ್ತು ವರ್ಷದಿಂದ ನಾನೇ. ಕರುಳನ್ನು ಏಳು ನೀರಿನಲ್ಲಿ ತೊಳೆದು, ಪಕ್ಕೆಯ ಮಾಂಸಕ್ಕೆ ಕೊಬ್ಬಿನ ಸಮೇತ ಉಪ್ಪು, ಮೆಣಸು, ಬೆಳ್ಳುಳ್ಳಿ ಹಚ್ಚಿ ಅದರೊಳಗೆ ತುಂಬಿ, ಎರಡು ತುದಿ ಕಟ್ಟಿ ತೂಗುಹಾಕಿದರೆ ನನ್ನ ಕಾಜಿ ಮೇ ತಿಂಗಳವರೆಗೂ ಕೆಡುವುದಿಲ್ಲ. ನಿನ್ನ ಹಾಸ್ಟೆಲಿಗೆ ಐದು ವರ್ಷ ಕಳಿಸಿದ್ದೂ ಅದನ್ನೇ. ಉಂಡ ಮನೆಯ ಜಂತೆ ಎಣಿಸಬಾರದು ಅನ್ನುತ್ತಾರೆ. ನೀನು ಎಣಿಸಿದ್ದಲ್ಲದೆ ಅಚ್ಚು ಹಾಕಿಸಿದೆ.

ಅಂಗಡಿಯಲ್ಲಿ ಪ್ಲಾಸ್ಟಿಕ್ ಸುತ್ತಿ ಮಾರುವ ಗುಲಾಬಿ ಬಣ್ಣದ ಸಾಸೇಜಿಗೂ ನನ್ನ ಕೈ ಕೆಲಸಕ್ಕೂ ಒಂದೇ ತಕ್ಕಡಿಯೇ? ಶಾಲೆಯ ಮೇಷ್ಟ್ರು ಈ ವರ್ಷ ಕುದುರೆ ಬೇಡ, ಚಳಿಗಾಲಕ್ಕೆ ಕೋಳಿ ತರುತ್ತೇನೆ ಎಂದು ಹೇಳಿಕಳಿಸಿದ್ದಾರೆ. ಮೈನಸ್ ನಲವತ್ತು ಡಿಗ್ರಿ ಚಳಿಗೆ ಕೋಳಿ.

ಶೇಕಡಾ ಹದಿನೆಂಟು ಎಂದು ಬರೆದಿದ್ದೀಯ. ಯಾವುದರಲ್ಲಿ ಹದಿನೆಂಟು? ನೂರು ಜನ ತಿಂದರೆ ಹದಿನೆಂಟು ಜನ ಸಾಯುತ್ತಾರೆ ಎಂದು ಮುಕಾನ್ ಅರ್ಥ ಹೇಳುತ್ತಿದ್ದಾನೆ. ಹಾಗಿದ್ದರೆ ಈ ಊರಿನಲ್ಲಿ ಹೂಳುವುದಕ್ಕೆ ಜಾಗ ಸಾಲುತ್ತಿರಲಿಲ್ಲ. ಕುದುರೆ ಕಡಿಯುವವನಿಗೆ ತಿಳಿಯುವ ಹಾಗೆ ಬರೆ. ಆಗದಿದ್ದರೆ ಊರಿಗೆ ಹೆದರಿಕೆ ಹಂಚಬೇಡ.

ನಿನ್ನ ಅಪ್ಪ
ತುರ್ಲಿಬೆಕ್


ಅಲ್ಮಾಟಿ
29 ನವೆಂಬರ್ 2015

ಅಪ್ಪಾ,

ತಲೆಬರಹ ನನ್ನದಲ್ಲ. 'ಉಪ್ಪು ಹಾಕಿ ಇಟ್ಟ ಮಾಂಸ, ಕರುಳಿನ ಕ್ಯಾನ್ಸರ್: ತಿಳಿದಿರುವುದೆಷ್ಟು' ಎಂದು ಕೊಟ್ಟಿದ್ದೆ. ಸಂಪಾದಕರು "ಇದನ್ನ ಯಾರಮ್ಮ ಓದ್ತಾರೆ?" ಎಂದು ಬದಲಿಸಿದರು. ಆದರೂ ಕೆಳಗಿರುವ ಹೆಸರು ನನ್ನದು, ಬೈಗುಳವೂ ನನಗೇ ಸೇರಬೇಕು.

ಸಿಗರೇಟಿನ ಸಾಲು ಎಂದರೆ ಸಿಗರೇಟಿನಷ್ಟೇ ಕೆಟ್ಟದ್ದು ಎಂದಲ್ಲ. ಎರಡರಿಂದಲೂ ಕ್ಯಾನ್ಸರ್ ಬರಬಹುದು ಎಂಬುದಕ್ಕೆ ಸಾಕ್ಷಿ ಗಟ್ಟಿಯಾಗಿದೆ, ಅಷ್ಟೇ. ತೋಳವೂ ಕಚ್ಚುತ್ತದೆ, ನಮ್ಮ ಮನೆಯ ನಾಯಿಯೂ ಕಚ್ಚುತ್ತದೆ. ಕಚ್ಚುವುದು ಖಚಿತ ಎಂದ ಮಾತ್ರಕ್ಕೆ ನಾಯಿ ತೋಳವಾಗುವುದಿಲ್ಲ.

ಇನ್ನು ಹದಿನೆಂಟು. ನೂರು ಜನರನ್ನು ನಮ್ಮ ಅಂಗಳದಲ್ಲಿ ನಿಲ್ಲಿಸಿಕೊಳ್ಳಿ. ಏನು ತಿಂದರೂ ಬಿಟ್ಟರೂ ಅವರಲ್ಲಿ ಐದಾರು ಮಂದಿಗೆ ಜೀವಮಾನದಲ್ಲಿ ಯಾವಾಗಲಾದರೂ ಈ ಕಾಯಿಲೆ ಬರುತ್ತದೆ. ಅಧ್ಯಯನ ನಡೆದ ದೇಶಗಳ ಲೆಕ್ಕ ಅದು. ಆ ನೂರೂ ಜನ ದಿನಾ ತಪ್ಪದೆ ಇಂಥ ಮಾಂಸವನ್ನು ಎರಡು ಮೂರು ಹೋಳು ತಿಂದರೆ ಐದಾರು ಇದ್ದದ್ದು ಆರೇಳಾಗುತ್ತದೆ. ಹೆಚ್ಚುವವನು ಒಬ್ಬ. ಹದಿನೆಂಟು ಎಂದರೆ ಆ ಐದಾರರ ಮೇಲೆ ಹೆಚ್ಚುವ ಶೇಕಡಾ ಪಾಲು, ಹದಿನೆಂಟು ಹೆಣಗಳಲ್ಲ. ಚಿಕ್ಕಪ್ಪನಿಗೂ ಇದನ್ನು ಓದಿ ಹೇಳಿ. ಕರುಳನ್ನು ಎಷ್ಟು ನೀರಿನಲ್ಲಿ ತೊಳೆದರು ಎಂದು ಆ ಲೆಕ್ಕ ಕೇಳುವುದಿಲ್ಲ ಅಪ್ಪಾ. ಉಪ್ಪು ಹಾಕಿ ತಿಂಗಳುಗಟ್ಟಲೆ ಇಟ್ಟ ಮಾಂಸವೆಲ್ಲ ಅದರೊಳಗೆ ಬರುತ್ತದೆ. ಕುದುರೆ ಮಾಂಸವನ್ನೇ ಹಿಡಿದು ನೋಡಿದವರು ಕಡಿಮೆ. ಅದನ್ನೂ ಬರೆದಿದ್ದೆ.

ನನಗೆ ನಿಜವಾಗಿ ಸಿಟ್ಟು ಬಂದದ್ದು ಬೇರೆಯದಕ್ಕೆ. ಚಹಾದ ಜಾಹೀರಾತಿಗೆ ಜಾಗ ಸಾಲದೆ ನನ್ನ ಕೊನೆಯ ಪ್ಯಾರಾ ಕತ್ತರಿಸಿದರು. ಮುಖ್ಯವಾದದ್ದು ಅದೇ. ಐವತ್ತು ದಾಟಿದವರು ಕಾಜಿ ತಿನ್ನಲಿ ಬಿಡಲಿ, ಒಮ್ಮೆ ಪರೀಕ್ಷೆ ಮಾಡಿಸಿಕೊಳ್ಳಬೇಕು. ಮಲದಲ್ಲಿ ರಕ್ತ ಕಂಡರೆ, ಸುಮ್ಮನೆ ತೂಕ ಇಳಿದರೆ, ಕಾಯಬಾರದು. ಬೇಗ ಸಿಕ್ಕರೆ ಕತ್ತರಿಸಿ ತೆಗೆದು ಉಳಿಸುತ್ತಾರೆ. ನಿಮಗೆ ಅರವತ್ತೆರಡಾಯಿತು. ಜಿಲ್ಲಾ ಆಸ್ಪತ್ರೆಗೆ ಒಂದು ಸಲ ಹೋಗಿ ಬನ್ನಿ.

ನಿಮ್ಮ ಮಗಳು
ಝದೀರಾ


ತಾಸ್‌ಬುಲಾಕ್
20 ಡಿಸೆಂಬರ್ 2015

ಝದೀರಾ,

ನೂರು ಜನರನ್ನು ಅಂಗಳದಲ್ಲಿ ನಿಲ್ಲಿಸಿದೆ. ನೀನು ಹೇಳಿದಂತೆ ಒಬ್ಬ ಹೆಚ್ಚಾದ. ಆ ಒಬ್ಬ ಯಾರು? ಹೆಸರು ಹೇಳು. ಹೆಸರು ಹೇಳಲಾಗದ ಮೇಲೆ ನೂರು ಜನರನ್ನೂ ಯಾಕೆ ಹೆದರಿಸಿದೆ? ಕುದುರೆಯ ಕರುಳು ಬಿಡಿಸಿ ನೋಡಿ ಅದಕ್ಕೆ ಏನಾಗಿತ್ತು ಎಂದು ನಾನು ಹೇಳಬಲ್ಲೆ. ಬದುಕಿ ಮೇಯುತ್ತಿರುವ ಕುದುರೆಯ ಮುಂದೆ ನಿಂತು ಹೇಳುವುದಿಲ್ಲ.

ಪರೀಕ್ಷೆಗೆ ಹೋಗು ಎಂದಿದ್ದೀಯ. ಕಾಜಿ ಮಾಡುವವನೇ ಆ ಪರೀಕ್ಷೆಗೆ ಹೋದರೆ ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ ಅನ್ನುವುದಿಲ್ಲವೇ ಜನ? ಹೋದ ವರ್ಷ ಮೂವತ್ತು ಮನೆಗೆ ಕಡಿದೆ, ಈ ವರ್ಷ ಹನ್ನೊಂದು. ನನ್ನ ಆರೋಗ್ಯ ನನಗೆ ಗೊತ್ತಿದೆ.

ದೂರ ಇರುವ ಮಕ್ಕಳಿಗೆ ಚಳಿಗಾಲದ ಮಾಂಸದಲ್ಲಿ ಪಾಲು ಎತ್ತಿಡುವುದನ್ನು ನಮ್ಮಲ್ಲಿ ಎಂಥ ಜಗಳದಲ್ಲೂ ತಪ್ಪಿಸುವುದಿಲ್ಲ. ಈ ವರ್ಷ ನಿನಗೆ ಎತ್ತಿಡಲಿಲ್ಲ. ನಿನ್ನ ಕರುಳಿಗೆ ಒಳ್ಳೆಯದೇ ಆಯಿತು.

ಇನ್ನು ಬರೆಯಬೇಡ.

ತುರ್ಲಿಬೆಕ್


ಜಿಲ್ಲಾ ಆಸ್ಪತ್ರೆ
2 ಮಾರ್ಚ್ 2016

ಮಗಳೇ,

ನಿಮ್ಮಪ್ಪನಿಗೆ ತಿಳಿಯದ ಹಾಗೆ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ.

ಚಳಿಗಾಲದ ಉದ್ದಕ್ಕೂ ಅವರು ತಮ್ಮ ಒಳಬಟ್ಟೆಯನ್ನು ತಾವೇ ಒಗೆದುಕೊಳ್ಳುತ್ತಿದ್ದರು. ಮದುವೆಯಾದಾಗಿನಿಂದ ಒಂದು ಬಟ್ಟಲು ತೊಳೆದವರಲ್ಲ. ಕೇಳಿದರೆ "ಕುದುರೆ ರಕ್ತ ಕಣೇ, ನಿನಗ್ಯಾಕೆ ತೊಂದ್ರೆ" ಅನ್ನುವರು. ಫೆಬ್ರವರಿ ಬಂತು. ಕಡಿಯುವುದೆಲ್ಲ ಡಿಸೆಂಬರಿಗೇ ಮುಗಿದಿರುತ್ತದೆ, ಫೆಬ್ರವರಿಯಲ್ಲಿ ಯಾರ ಮನೆಯಲ್ಲಿ ಕುದುರೆ ಕಡಿಯುತ್ತಾರೆ? ಹೋದ ವಾರ ಅಂಗಳದಲ್ಲಿ ಕಣ್ಣು ಕತ್ತಲಿಟ್ಟು ಕುಸಿದರು. ಮುಕಾನ್ ಹೊತ್ತುಕೊಂಡು ಹೋಗಿ ವ್ಯಾನಿನಲ್ಲಿ ಮಲಗಿಸಿದ. ಡಾಕ್ಟರ ಮುಂದೆ ಬಾಯಿಬಿಟ್ಟರು. ರಕ್ತ ಹೋಗುವುದಕ್ಕೆ ಶುರುವಾದದ್ದು ಹೋದ ಬೇಸಿಗೆಯಲ್ಲಂತೆ. ನೀನು ಲೇಖನ ಬರೆಯುವುದಕ್ಕೂ ಮುಂಚೆ. ನಿನಗೆ ಆ ಸಿಟ್ಟಿನ ಕಾಗದಗಳನ್ನು ಬರೆಯುವಾಗ ಅವರಿಗೆ ಗೊತ್ತಿತ್ತು ಝದೀರಾ.

ಡಾಕ್ಟರಮ್ಮ ನನ್ನನ್ನು ಹೊರಗೆ ಕರೆದು ಹೇಳಿದಳು. ಕೆಟ್ಟ ಕಾಯಿಲೆ. ದೊಡ್ಡ ಕರುಳಿನಲ್ಲಿದೆ. ಬೇರೆ ಕಡೆ ಹಬ್ಬಿದ ಹಾಗೆ ಕಾಣುವುದಿಲ್ಲ, ತಿಂಗಳೊಳಗೆ ದೊಡ್ಡ ಆಸ್ಪತ್ರೆಗೆ ಕರೆದೊಯ್ದು ಕತ್ತರಿಸಿದರೆ ಉಳಿಯುತ್ತಾರೆ ಎಂದಳು. ಅವರಿಗೆ ಹೇಳಿಲ್ಲ. ಯಾರು ಹೇಳುತ್ತಾರೆ? ನಿನ್ನ ತಾತನಿಗೂ ನಾವು ಹೇಳಿರಲಿಲ್ಲ. ಆ ಹೆಸರು ಕೇಳಿದವನ ಕಾಲಿನ ಬಲ ಅಲ್ಲೇ ಇಳಿದುಹೋಗುತ್ತದೆ. ಹುಣ್ಣು ಎಂದಿದ್ದೇವೆ. ಅವರು ನಂಬುತ್ತಿಲ್ಲ. ನರ್ಸಿನ ಕಣ್ಣು ನೋಡುತ್ತಾರೆ, ನನ್ನ ಕಣ್ಣು ನೋಡುತ್ತಾರೆ. "ಝದೀರಾ ಹೇಳ್ಲಿ. ಅದೇ ಆಗಿದ್ರೆ ಅವಳು ಬಿಡೋಳಲ್ಲ, ಮೊದಲು ಅವಳೇ ಬರೀತಾಳೆ" ಅನ್ನುತ್ತಾರೆ.

ಹುಣ್ಣು ಎಂದು ಒಂದು ಕಾಗದ ಬರೆದುಬಿಡು ತಾಯಿ. ಧೈರ್ಯ ಬಂದರೆ ಆಪರೇಷನ್ನಿಗೂ ಒಪ್ಪುತ್ತಾರೆ.

ನಿನ್ನ ಅಮ್ಮ
ಕುಲ್ಪಾಶ್


ಅಲ್ಮಾಟಿ
8 ಮಾರ್ಚ್ 2016

ಅಮ್ಮಾ,

ನನ್ನಿಂದ ಆಗುವುದಿಲ್ಲ. ಹುಣ್ಣು ಎಂದರೆ ಅವರು ಹೊಟ್ಟೆ ಕೊಯ್ಯಿಸಿಕೊಳ್ಳಲು ಯಾಕೆ ಒಪ್ಪುತ್ತಾರೆ? ಅವರ ದೇಹ ಅದು, ಅವರಿಗೆ ಗೊತ್ತಾಗಬೇಕು. ಮುಚ್ಚಿಡಬೇಡಿ, ತಡಮಾಡಬೇಡಿ ಎಂದು ನಾನು ವಾರವಾರವೂ ಊರಿಗೆಲ್ಲ ಬರೆಯುತ್ತೇನೆ. ನನ್ನ ಅಪ್ಪನಿಗೆ ಹೇಗೆ ಬೇರೆ ಬರೆಯಲಿ?

ನನ್ನ ಚಿಕ್ಕ ಮಗನಿಗೆ ಸೀತಾಳೆ ಸಿಡುಬು ಎದ್ದಿದೆ. ಅವನನ್ನು ಬಿಟ್ಟು ಈಗ ಹೊರಡುವಂತಿಲ್ಲ. ಇಳಿದ ಕೂಡಲೇ ಬರುತ್ತೇನೆ, ನಾನೇ ಅಪ್ಪನ ಪಕ್ಕ ಕೂತು ಹೇಳುತ್ತೇನೆ. ಅಲ್ಲಿಯವರೆಗೆ ಏನೂ ಹೇಳಬೇಡ. ಹುಣ್ಣು ಎಂದು ಮತ್ತೆ ಹೇಳಬೇಡ.

ಝದೀರಾ


ಜಿಲ್ಲಾ ಆಸ್ಪತ್ರೆ
12 ಮಾರ್ಚ್ 2016

ಝದೀರಾ,

ಬರೆಯಬೇಡ ಎಂದವನೇ ಬರೆಯುತ್ತಿದ್ದೇನೆ. ನಗಬೇಕೆನಿಸಿದರೆ ನಗು.

ಇಲ್ಲಿ ಎಲ್ಲರೂ ನನ್ನ ಜೊತೆ ಬಹಳ ಮೆತ್ತಗೆ ಮಾತನಾಡುತ್ತಾರೆ. ಕಡಿಯಬೇಕಾದ ಕುದುರೆಯ ಕಿವಿಯ ಹತ್ತಿರ ನಾನೂ ಹೀಗೆಯೇ ಮಾತನಾಡುತ್ತೇನೆ. ನಿನ್ನ ಅಮ್ಮ ಮೂರು ಹೊತ್ತೂ ಹುಣ್ಣು ಹುಣ್ಣು ಎಂದು ಜಪ ಮಾಡುತ್ತಾಳೆ. ಅವಳಿಗೆ ಸುಳ್ಳು ಹೇಳಲು ಬರುವುದಿಲ್ಲ, ಅಥವಾ ನಿಜ ಹೇಳುವುದಕ್ಕೂ ಬರುವುದಿಲ್ಲವೋ ಏನೋ. ನನಗೆ ಗೊತ್ತಾಗುತ್ತಿಲ್ಲ.

ನನಗೆ ಇರುವುದು ಅದೇನಾ? ಒಂದು ಸಾಲು ಸಾಕು. ನನ್ನನ್ನು ಮೆಚ್ಚಿಸುವುದಕ್ಕೆಂದು ನೀನು ಯಾವತ್ತೂ ಒಂದು ಅಕ್ಷರ ಬರೆದವಳಲ್ಲ. ಅದಕ್ಕೇ ನಿನ್ನನ್ನು ಕೇಳುತ್ತಿದ್ದೇನೆ.

ಸಾವಿಗೆ ಹೆದರುವವನಲ್ಲ ಎಂದು ಬರೆಯೋಣ ಎಂದುಕೊಂಡೆ. ಬರೆಯಲು ಕೈ ಬರಲಿಲ್ಲ. ಹೆದರಿಕೆಯಾಗುತ್ತಿದೆ ಮಗಳೇ.

ಅಪ್ಪ


ಅಲ್ಮಾಟಿ
17 ಮಾರ್ಚ್ 2016

ಅಪ್ಪಾ,

ಅದಲ್ಲ. ಹೆದರಬೇಡಿ.

ಡಾಕ್ಟರ ಜೊತೆ ನಾನೇ ಫೋನಿನಲ್ಲಿ ಮಾತನಾಡಿದೆ. ಇಲ್ಲಿಯ ದೊಡ್ಡ ಡಾಕ್ಟರನ್ನೂ ಕೇಳಿದೆ. ಕರುಳಿನಲ್ಲಿ ಹುಣ್ಣಾಗಿದೆ, ಹಳೆಯದಾದ್ದರಿಂದ ರಕ್ತ ಬರುತ್ತಿದೆ. ಕಾಜಿಯಿಂದ ಬಂದದ್ದೂ ಅಲ್ಲ. ಔಷಧಿಗೆ ಒಣಗುವಂಥದ್ದೇ. ಆದರೂ ಕತ್ತರಿಸಿ ತೆಗೆದರೆ ಮತ್ತೆ ಕಾಡುವುದಿಲ್ಲ, ಅದಕ್ಕೇ ಆಪರೇಷನ್ ಅನ್ನುತ್ತಿದ್ದಾರೆ. ದಯವಿಟ್ಟು ಒಪ್ಪಿಕೊಳ್ಳಿ.

ಊರನ್ನೆಲ್ಲ ಹೆದರಿಸಿದವಳು ನಿಮಗೆ ಮಾತ್ರ ಸುಳ್ಳು ಹೇಳುತ್ತೇನೆಯೇ?

ನಿಮ್ಮ ಮಗಳು
ಝದೀರಾ


ತಾಸ್‌ಬುಲಾಕ್
30 ಮಾರ್ಚ್ 2016

ನನ್ನ ಝದೀರಾಗೆ,

ಮೇಲಿನ ಊರಿನ ಹೆಸರು ನೋಡಿ ತಿಳಿದುಕೊಂಡೆಯಲ್ಲ, ಮನೆಗೆ ಬಂದಿದ್ದೇನೆ.

ನಿನ್ನ ಕಾಗದ ಓದಿ ಹಾಸಿಗೆಯಿಂದ ಎದ್ದು ಕಿಟಕಿ ತೆರೆದೆ. ಹೊಟ್ಟೆ ತುಂಬ ಊಟ ಮಾಡಿದೆ. ಮಾರನೆಯ ಬೆಳಿಗ್ಗೆ ಡಾಕ್ಟರಮ್ಮನಿಗೆ, "ಔಷಧಿಗೆ ಒಣಗೋದಕ್ಕೆ ಚಾಕು ಯಾಕಮ್ಮ? ಚಾಕು ನನ್ನ ಕಸುಬು, ಯಾವಾಗ ಬೇಕು ಯಾವಾಗ ಬೇಡ ಅನ್ನೋದು ನನಗೆ ಗೊತ್ತಿಲ್ವಾ?" ಅಂದೆ. ಅವಳು ನಿನ್ನ ಅಮ್ಮನ ಮುಖ ನೋಡಿದಳು. ನಿನ್ನ ಅಮ್ಮ ನೆಲ ನೋಡಿದಳು. ಆಪರೇಷನ್ ಬೇಡ ಎಂದು ಸಹಿ ಹಾಕಿ ಬಂದುಬಿಟ್ಟೆ. ಮಾತ್ರೆ ಕೊಟ್ಟಿದ್ದಾರೆ. ಮೇ ತಿಂಗಳಲ್ಲಿ ಕುದುರೆಗಳು ಈದ ಮೇಲೆ ಅವುಗಳ ಹಾಲನ್ನು ಹುಳಿ ಹಾಕಿ ಕುಡಿದರೆ ಹುಣ್ಣು ತಾನಾಗಿ ಮಾಯುತ್ತದೆ.

ಮುಕಾನ್‌ನ ಕೈಗೆ ನಿನ್ನ ಕಾಗದ ಕೊಟ್ಟು ಊರವರ ಮುಂದೆ ಓದಿಸಿದೆ. 'ಕಾಜಿಯಿಂದ ಬಂದದ್ದೂ ಅಲ್ಲ' ಎಂಬ ಸಾಲನ್ನು ಎರಡು ಸಲ ಓದಿಸಿದೆ. ಮೇಷ್ಟ್ರು ಬರುವ ಚಳಿಗಾಲಕ್ಕೆ ಈಗಲೇ ಕುದುರೆ ಹೇಳಿದ್ದಾರೆ. ಕೋಳಿ ತಿಂದು ಸಾಕಾಯಿತಂತೆ.

ಸೈಲ್‌ಬೆಕ್‌ನ ಕೈಲಿ ನಿನ್ನ ಪಾಲು ಕಳಿಸಿದ್ದೇನೆ. ಎತ್ತಿಡಲಿಲ್ಲ ಎಂದು ಬರೆದಿದ್ದೆನಲ್ಲ, ಅದು ಸುಳ್ಳು. ಎತ್ತಿಟ್ಟಿದ್ದೆ. ಎರಡು ಗಂಟೆ ಬೇಯಿಸು, ಬೇಯುವಾಗ ಸೂಜಿಯಿಂದ ಚುಚ್ಚು, ಇಲ್ಲದಿದ್ದರೆ ಒಡೆಯುತ್ತದೆ.

ನಿನ್ನ ಅಪ್ಪ


ಅಲ್ಮಾಟಿ
26 ಏಪ್ರಿಲ್ 2016

ಅಮ್ಮಾ,

ಹೇಳುತ್ತೇನೆಂದು ಊರಿಗೆ ಬಂದೆ. ಮೂರು ದಿನ ಇದ್ದೆ. ಹೇಳದೆ ವಾಪಸು ಬಂದೆ.

ಮೊದಲ ದಿನ ಅಪ್ಪ ನನ್ನನ್ನು ಮನೆಮನೆಗೂ ಕರೆದೊಯ್ದು ತೋರಿಸಿದರು. ಎರಡನೆಯ ದಿನ ಲಾಯದ ಹತ್ತಿರ ಇಬ್ಬರೇ ಇದ್ದೆವು. "ಅಪ್ಪಾ, ಆ ಕಾಗದ" ಎಂದು ಬಾಯಿ ತೆರೆದೆ. "ಇಲ್ಲೇ ಇದೆ ನೋಡು" ಎಂದು ಜೇಬು ತಟ್ಟಿಕೊಂಡರು. ಅವರ ಮುಖ ಅಷ್ಟು ಹಗುರವಾಗಿದ್ದದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ. ಕುದುರೆಗಳು ಯಾವಾಗ ಈಯುತ್ತವೆ ಎಂದು ಕೇಳಿದೆ. ನಾನು ಹೇಡಿ ಅಮ್ಮಾ.

ಡಾಕ್ಟರು ಹೇಳಿದ ತಿಂಗಳು ಮುಗಿದುಹೋಗಿದೆ. ಆದರೂ ಉಳಿಸಲು ಇನ್ನೂ ಸ್ವಲ್ಪ ಅವಕಾಶ ಇರಬಹುದು. ನೀನು ಹೇಳು. ತಪ್ಪೆಲ್ಲ ನನ್ನ ಮೇಲೆ ಹಾಕು. ಮಗಳು ಸುಳ್ಳು ಬರೆದಳು ಎನ್ನು, ಬೈದು ಹೇಳು, ಹೇಗಾದರೂ ಹೇಳು. ಇದನ್ನು ಓದಿದ ದಿನವೇ ಹೇಳು.

ಝದೀರಾ


ತಾಸ್‌ಬುಲಾಕ್
18 ಜುಲೈ 2016

ಮಗಳೇ,

ನಿನ್ನ ಏಪ್ರಿಲ್ ಕಾಗದವನ್ನು ಓದಿ ಒಲೆಗೆ ಹಾಕಿದೆ. ಉತ್ತರ ಬರೆಯಲು ಮುಖವಿರಲಿಲ್ಲ.

ನಿಮ್ಮಪ್ಪನ ಬೆಲ್ಟಿಗೆ ಮೂರು ಹೊಸ ತೂತು ಬಿದ್ದಿವೆ. ಕುದುರೆ ಹಾಲು ಕುಡಿದರೂ ಹೊಟ್ಟೆಯಲ್ಲಿ ನಿಲ್ಲುತ್ತಿಲ್ಲ. "ಹುಣ್ಣು ಹೊರಗೆ ಹೋಗ್ತಾ ಇದೆ, ಹೋಗುವಾಗ ಕಾಟ ಕೊಡುತ್ತೆ" ಅನ್ನುತ್ತಾರೆ. ಒಂದು ದಿನ ಹೇಳಿಯೇಬಿಡೋಣ ಎಂದು ಪಕ್ಕದಲ್ಲಿ ಕೂತೆ. ಅವರೇ ನನ್ನ ಕೈ ಹಿಡಿದು, "ನೀನ್ಯಾಕೆ ಇಷ್ಟು ಇಳಿದುಹೋಗಿದೀಯ? ಝದೀರಾ ಬರೆದಿದ್ದು ಮರೆತೆಯಾ?" ಎಂದು ಸಮಾಧಾನ ಹೇಳಿದರು.

ಆಮೇಲೆ ನಾನು ಏನು ಹೇಳಲಿ?

ಅಮ್ಮ


ತಾಸ್‌ಬುಲಾಕ್
3 ನವೆಂಬರ್ 2016

ಮಗಳೇ,

ನಿಮ್ಮಪ್ಪ ಹೋದ ನಲವತ್ತನೆಯ ದಿನದ ಊಟ ಮುಗಿಯಿತು. ಊರಿನಲ್ಲಿ ಬರದವರು ಯಾರೂ ಇಲ್ಲ. ಚಿಕ್ಕವನಿಗೆ ಜ್ವರ ಎಂದು ನೀನು ಬರಲಿಲ್ಲ, ಅದಕ್ಕೆ ನನಗೆ ಬೇಸರವಿಲ್ಲ. ಮಣ್ಣು ಮಾಡಿದ ದಿನವೇ ನಿನ್ನ ಮುಖ ನೋಡಲಾಗಲಿಲ್ಲ ನನ್ನಿಂದ. ನಿನಗೂ ಹಾಗೇ ಆಗಿರಬೇಕು.

ಕೊನೆಯಲ್ಲಿ ಹೊಟ್ಟೆ ಕಟ್ಟಿಕೊಂಡು ಉಬ್ಬಿತು, ಡಾಕ್ಟರು ತೆರೆದು ನೋಡಿ ಹಾಗೇ ಹೊಲಿದರು. ಊರಿನವರು ಕುದುರೆಗೆ ಆಗುವ ಹಾಗೆ ಕರುಳು ತೊಡರಿಕೊಂಡಿತು ಎಂದುಕೊಂಡಿದ್ದಾರೆ. ಕುದುರೆಯವನಿಗೆ ಕುದುರೆಯ ಸಾವು ಬಂತು ಅನ್ನುತ್ತಾರೆ. ನಾನು ತಿದ್ದಲಿಲ್ಲ.

ನನಗೆ ಒಂದು ಗೊತ್ತಾಗಬೇಕು. ಕಾಜಿಯಿಂದಲೇ ಬಂತಾ? ನಲವತ್ತು ವರ್ಷ ಬೇಯಿಸಿ ಅವರ ತಟ್ಟೆಗೆ ಹಾಕಿದ್ದು ಈ ಕೈ.

ಇನ್ನೊಂದು ಮಾತಿದೆ. ಮುಕಾನ್‌ಗೂ ರಕ್ತ ಹೋಗುತ್ತಿದೆಯಂತೆ, ಅವನ ಹೆಂಡತಿ ಪಾತ್ರೆ ತೊಳೆಯುವಾಗ ಹೇಳಿದಳು. ಆಸ್ಪತ್ರೆಗೆ ಹೋಗೋ ಅಂದೆ. "ಯಾಕತ್ತಿಗೆ? ಅಣ್ಣನಿಗಿದ್ದ ಹುಣ್ಣೇ ಇದು, ನಮ್ಮ ಮನೆತನದ್ದು. ಅಣ್ಣ ಹೋಗಿದ್ದು ಕರುಳು ತೊಡರಿ, ಹುಣ್ಣಿಂದ ಅಲ್ವಲ್ಲ. ಔಷಧಿಗೆ ಒಣಗುತ್ತೆ ಅಂತ ಝದೀರಾ ಬರೆದಿಲ್ವಾ?" ಅಂದ. ನಿನ್ನ ಕಾಗದ ಈಗ ಅವನ ಹತ್ತಿರ ಇದೆ. ಅಣ್ಣನ ಜೇಬಿನಿಂದ ತೆಗೆದುಕೊಂಡನಂತೆ. ಮೇಷ್ಟ್ರಿಗೂ ಒಂದು ಪ್ರತಿ ಬರೆದುಕೊಟ್ಟಿದ್ದಾನೆ, ಅವರಿಗೂ ಅದೇ ತೊಂದರೆಯಂತೆ.

ಅವನಿಗೆ ನಿಜ ಹೇಳದೆ ಚಹಾ ಬಗ್ಗಿಸಿ ಕೊಟ್ಟೆ. ನಿಮ್ಮಪ್ಪನಿಗೆ ನಾವಿಬ್ಬರೂ ಸೇರಿ ಏನು ಮಾಡಿದೆವು ಎಂದು ತಿಳಿದರೆ ಈ ಊರಿನಲ್ಲಿ ನಾನು ಹೇಗೆ ತಲೆಯೆತ್ತಲಿ? ನೀನು ಬರೆಯುವವಳು. ಏನಾದರೂ ಉಪಾಯವಾಗಿ ಬರೆ.

ಅಮ್ಮ


ಅಲ್ಮಾಟಿ
9 ನವೆಂಬರ್ 2016

ಚಿಕ್ಕಪ್ಪ ಮುಕಾನ್ ಅವರಿಗೆ,

ಉಪಾಯವಾಗಿ ಬರೆ ಎಂದು ಅಮ್ಮ ಹೇಳಿದ್ದಾಳೆ. ನನಗೆ ಅದು ಬರುವುದಿಲ್ಲ. ಒಂದು ಸಲ ಮಾಡಿ ನೋಡಿದ್ದೇನೆ.

ನಿಮ್ಮ ಹತ್ತಿರ ಇರುವ ಮಾರ್ಚ್ ಹದಿನೇಳರ ಕಾಗದ ಸುಳ್ಳು. ಅಪ್ಪನಿಗೆ ಇದ್ದದ್ದು ಹುಣ್ಣಲ್ಲ, ಕರುಳಿನ ಕ್ಯಾನ್ಸರ್. ಕರುಳು ತೊಡರಿದ್ದಲ್ಲ, ಆ ಗಡ್ಡೆಯೇ ದಾರಿ ಮುಚ್ಚಿತು. ಮಾರ್ಚಿನಲ್ಲೇ ಕತ್ತರಿಸಿದರೆ ಉಳಿಯುತ್ತಾರೆ ಎಂದು ಡಾಕ್ಟರು ಹೇಳಿದ್ದರು. ಅಮ್ಮ ಬೇಡಿಕೊಂಡಳು ನಿಜ, ಆದರೆ ಬರೆದವಳು ನಾನು. ಹೆದರಿಕೆಯಾಗುತ್ತಿದೆ ಎಂದು ಅಪ್ಪ ಬರೆದಿದ್ದರು, ಅದನ್ನು ಓದಿ ತಡೆದುಕೊಳ್ಳಲಾಗಲಿಲ್ಲ. ಪತ್ರಿಕೆಯಲ್ಲಿ ನಿಜ ಬರೆದಾಗ ಅವರು ನನ್ನನ್ನು ನಂಬಲಿಲ್ಲ. ಸುಳ್ಳು ಬರೆದಾಗ ನಂಬಿದರು.

ಕಾಜಿಯಿಂದ ಬಂತೇ ಎಂದು ಅಮ್ಮ ಕೇಳಿದ್ದಾಳೆ. ಅವಳಿಗೆ ಇಷ್ಟು ಓದಿ ಹೇಳಿ. ಯಾರಿಗೂ ಗೊತ್ತಿಲ್ಲ, ಗೊತ್ತಾಗುವುದೂ ಇಲ್ಲ. ಗುಂಪಿಗೆ ಲೆಕ್ಕ ಸಿಗುತ್ತದೆ, ಒಬ್ಬ ಮನುಷ್ಯನಿಗೆ ಸಿಗುವುದಿಲ್ಲ. ಅದನ್ನು ಮುಟ್ಟದವರಿಗೂ ಈ ಕಾಯಿಲೆ ಬರುತ್ತದೆ, ಬಾಳೆಲ್ಲ ತಿಂದವರಿಗೂ ಬರದೆ ಹೋಗುತ್ತದೆ. ಕಡಿಮೆ ತಿಂದರೆ ಒಳ್ಳೆಯದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಇವತ್ತು ತಿನ್ನುವುದನ್ನು ಬಿಟ್ಟರೆ ನಾಳೆ ನಿಮ್ಮ ರಕ್ತ ನಿಲ್ಲುತ್ತದೆ ಎಂದುಕೊಳ್ಳಬೇಡಿ. ಈಗ ಆಗಬೇಕಾದದ್ದು ಪರೀಕ್ಷೆ.

ಈ ಕಾಗದ ಕೊಟ್ಟು ಸೈಲ್‌ಬೆಕ್ ನಿಮಗಾಗಿ ಕಾಯುತ್ತಾನೆ. ಅವನ ವ್ಯಾನಿನಲ್ಲಿ ನಿಮಗೂ ಮೇಷ್ಟ್ರಿಗೂ ಜಾಗ ಹೇಳಿದ್ದೇನೆ. ಜಿಲ್ಲಾ ಆಸ್ಪತ್ರೆಯ ಅದೇ ಡಾಕ್ಟರಮ್ಮನಿಗೆ ಫೋನು ಮಾಡಿದ್ದೇನೆ. ಏನೇ ಕಂಡರೂ ಮನೆಯವರನ್ನು ಹೊರಗೆ ಕರೆಯದೆ ನಿಮಗೇ ನೇರವಾಗಿ ಹೇಳಬೇಕು ಎಂದು ಕೇಳಿದೆ. "ನಮ್ಮ ಕಡೆ ಹಾಗೆ ಯಾರೂ ಕೇಳಲ್ಲವಲ್ಲಮ್ಮ" ಅಂದರು. ಆಮೇಲೆ ಒಪ್ಪಿದರು.

ಹಳೆಯ ಕಾಗದವನ್ನು ಯಾರ್ಯಾರಿಗೆ ಓದಿ ಹೇಳಿದ್ದೀರೋ ಅವರಿಗೆಲ್ಲ ಇದನ್ನೂ ಓದಿ ಹೇಳಿ. ಅಮ್ಮನನ್ನು ಯಾರೂ ಬೈಯದ ಹಾಗೆ ನೋಡಿಕೊಳ್ಳಿ. ನನ್ನನ್ನು ಬೈದರೆ ಬೈಯಲಿ.

ನಿಮಗೂ ಅದೇನಾ ಎಂದು ನೀವು ಕೇಳುತ್ತೀರಿ. ನನಗೆ ಗೊತ್ತಿಲ್ಲ ಚಿಕ್ಕಪ್ಪ. ಅಪ್ಪ ಕೇಳಿದಾಗ ಗೊತ್ತಿತ್ತು.

ಝದೀರಾ